ಧಾರವಾಡದಿಂದ ಹುಬ್ಬಳ್ಳಿಗೆ: ನಾನು ಅಳಿಸಿದ ಒಂದು ಗೆರೆ

ಧಾರವಾಡದ ಮಾಳಮಡ್ಡಿಯಲ್ಲಿ ಹಳೇ ಹಂಚಿನ ಮನೆಯೊಂದರ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೀನಿ. ನನ್ನ ಆಫೀಸು ಅಂದರೆ ಕಿಟಕಿ ಪಕ್ಕದ ಟೇಬಲ್ಲು, ಒಂದು ಲ್ಯಾಪ್‌ಟಾಪು, ಕರೆಂಟ್ ಹೋದರೆ ಎರಡು ತಾಸು ತಡೆಯುವ ಒಂದು ಇನ್ವರ್ಟರ್. ಬೆಂಗಳೂರಿನ ಕೆಲಸ ಬಿಟ್ಟು ಬಂದು ಮೂರು ವರ್ಷವಾಯಿತು. ಈಗ ಫ್ರೀಲಾನ್ಸ್ ಡಿಸೈನರ್. ಹಾಗಂದರೆ ಏನು ಅಂತ ಓಣಿಯವರಿಗೆ ಇನ್ನೂ ಪೂರ್ತಿ ತಿಳಿದಿಲ್ಲ. ಮನೆ ಮಾಲಕರು ಮಾತ್ರ ಬಂದವರಿಗೆಲ್ಲ "ಕಂಪ್ಯೂಟರ್‌ನಾಗ ಚಿತ್ರಾ ತಗೀತಾಳ್ರಿ" ಅಂತ ಪರಿಚಯ ಮಾಡಿಕೊಡ್ತಾರೆ. ಅದೇನು ಸುಳ್ಳಲ್ಲ.

ಸೋಮವಾರದಿಂದ ಗುರುವಾರದವರೆಗೆ ಹೊಟ್ಟೆಪಾಡಿನ ಕೆಲಸ. ಖಾನಾವಳಿಯ ಮೆನು, ಮದುವೆ ಪತ್ರಿಕೆ, ಕೋಚಿಂಗ್ ಕ್ಲಾಸಿನ ಪೋಸ್ಟರ್, ಹೊಸ ಅಂಗಡಿಯ ಲೋಗೋ. ಈ ಕಸುಬಿನವರಿಗೆಲ್ಲ ಗೊತ್ತಿರುವ ಎರಡು ಮಾತು ವಾರಕ್ಕೊಮ್ಮೆಯಾದರೂ ನನ್ನ ಫೋನಿಗೆ ಬರ್ತವೆ. ಒಂದು, "ಲೋಗೋ ಇನ್ನೊಂಚೂರ ದೊಡ್ಡದ ಮಾಡ್ರಿ." ಇನ್ನೊಂದು, "ಹತ್ತ ನಿಮಿಷದ ಕೆಲಸ, ಇದಕ್ಕೇನ್ರಿ ಇಷ್ಟ ರೊಕ್ಕ?" ಮೊದಲನೆಯದಕ್ಕೆ ನಗ್ತೀನಿ. ಎರಡನೆಯದಕ್ಕೆ ಇವತ್ತಿಗೂ ಸಿಟ್ಟು ಬರುತ್ತೆ. ಆದರೆ ಅದೇ ಮಾತನ್ನ, ಬೇರೆ ರೂಪದಲ್ಲಿ, ನಾನೂ ಒಬ್ಬರಿಗೆ ಹೇಳಿದ್ದೆ. ಅದನ್ನ ತಿಳಿದುಕೊಳ್ಳೋಕೆ ನನಗೆ ಒಂದು ಸೀರೆ, ಒಂದು ಬಸ್ಸು ಮತ್ತು ಬಹಳಷ್ಟು ಶುಕ್ರವಾರಗಳು ಬೇಕಾದವು.

ಶುಕ್ರವಾರ ಯಾಕಂದರೆ, ಆ ದಿನ ಕ್ಲೈಂಟ್ ಕೆಲಸ ಮುಟ್ಟಬಾರದು ಅಂತ ನನಗೆ ನಾನೇ ಹಾಕಿಕೊಂಡ ನಿಯಮ. ಅವತ್ತು ಸ್ವಂತದ್ದು. ಮೊದಲ ವರ್ಷ ಪೇಡೆ ಡಬ್ಬಿಗಳ ಮೇಲಿನ ಅಕ್ಷರ ಜೋಡಿಸಿದೆ. ಆಮೇಲೆ ಹಳೇ ಮನೆಗಳ ಕಿಟಕಿ ಸರಳುಗಳ ಚಿತ್ರ ಬರೆದೆ. ಎರಡೂ ಅರ್ಧಕ್ಕೆ ನಿಂತವು. ಮೂರನೆಯದು ಕಸೂತಿ. ಅದು ನಿಲ್ಲಲಿಲ್ಲ.

ಟ್ರಂಕಿನೊಳಗಿನ ಚೌಕಳಿ

ನಮ್ಮ ಆಯಿಯ ಟ್ರಂಕಿನಲ್ಲಿ ಒಂದು ಕಪ್ಪು ಸೀರೆ ಇತ್ತು. ಚಂದ್ರಕಾಳಿ. ಈ ಕಡೆ ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ರೇಷ್ಮೆ ಸೀರೆ ಕೊಡುವ ಪದ್ಧತಿ ಇತ್ತಲ್ಲ, ಆ ಸೀರೆ. ಸೆರಗಿನ ಹತ್ತಿರ ಗೋಪುರ, ತೇರು, ಆನೆ ಅಂಬಾರಿ, ತುಳಸಿ ಕಟ್ಟೆ, ಚಿಗರಿ, ನವಿಲು. ಅರ್ಧ ದಾರ ಸವೆದು ಹೋಗಿತ್ತು. ನಾನು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಎಲ್ಲಾ ಗೆರೆಗಳೂ ನೇಯ್ಗೆಯ ಎಳೆ ಎಣಿಸಿ ಹಾಕಿದ್ದು. ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ. ನಾವು ಸ್ಕ್ರೀನಿನ ಮೇಲೆ ಪಿಕ್ಸೆಲ್ ಎಣಿಸ್ತೀವಲ್ಲ, ಹಾಗೇ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಪೆನ್ಸಿಲ್ಲಿನಿಂದ ಚಿತ್ರ ಬರೆಯೋದಿಲ್ಲ. ಅಚ್ಚು ಒತ್ತೋದಿಲ್ಲ. ಲೆಕ್ಕ ತಲೆಯೊಳಗಿರುತ್ತೆ. ಹೊಲಿಗೆ ನಾಲ್ಕು ಬಗೆ. ಗವಂತಿ ಅಂದರೆ ನೇರ ಗೆರೆಯದು. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ. ನೇಗಿ ನೇಯ್ದ ಹಾಗೆ ಕಾಣುತ್ತೆ. ಮೆಂತೆ ಅನ್ನೋದು ಅಡ್ಡಡ್ಡ ಗುಣಿಸು ಗುರುತು, ಮೆಂತೆಕಾಳಿನ ಹಾಗೆ ಒತ್ತೊತ್ತಾಗಿ ತುಂಬುತ್ತೆ. ಇವುಗಳಲ್ಲಿ ಗವಂತಿ, ಮುರ್ಗಿಗೆ ಒಂದು ವಿಶೇಷ. ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣ್ತವೆ. ಯಾವುದು ಮುಂದು, ಯಾವುದು ಹಿಂದು ಅಂತ ಹೇಳೋಕಾಗಲ್ಲ. ಗಂಟು ಕೂಡ ಕಾಣಬಾರದು.

ಇಷ್ಟೆಲ್ಲ ನಾನು ಓದಿ ತಿಳಿದುಕೊಂಡಿದ್ದೆ. ಆದರೆ ಆಯಿಯ ಸೀರೆಯಲ್ಲಿ ಗೋಪುರದ ತುದಿ ಹರಿದು ಹೋಗಿತ್ತು. ಪೂರ್ತಿ ಗೋಪುರ ನೋಡಬೇಕಿತ್ತು. ಪರಿಚಯದವರೊಬ್ಬರು ಹಳೇ ಹುಬ್ಬಳ್ಳಿಯಲ್ಲಿ ಇವತ್ತಿಗೂ ಕೈಯಿಂದ ಹಾಕುವ ಒಬ್ಬರು ಇದ್ದಾರೆ ಅಂದರು. ವಿಳಾಸ ಬರೆದುಕೊಂಡೆ.

ಇಪ್ಪತ್ತೆರಡು ಕಿಲೋಮೀಟರ್

ಧಾರವಾಡ, ಹುಬ್ಬಳ್ಳಿ ಎರಡನ್ನೂ 1962ರಲ್ಲಿ ಸೇರಿಸಿ ಒಂದೇ ಪಾಲಿಕೆ ಮಾಡಿದರು. ಕಾಗದದ ಮೇಲೆ ಒಂದು, ಸ್ವಭಾವದಲ್ಲಿ ಎರಡು. ಧಾರವಾಡದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಯವರನ್ನ ಎಬ್ಬಿಸಿ ಸಾಮಾನು ಕೇಳಬೇಕು. ಹುಬ್ಬಳ್ಳಿಯಲ್ಲಿ ಕೇಳೋ ಮೊದಲೇ ಪೊಟ್ಟಣ ಕಟ್ಟಿರ್ತಾರೆ. ನನ್ನ ಪ್ರಿಂಟಿಂಗ್ ಕೆಲಸವೆಲ್ಲ ಹುಬ್ಬಳ್ಳಿಯಲ್ಲಿ, ನಿದ್ದೆ ಧಾರವಾಡದಲ್ಲಿ. ಇಬ್ಬರೂ ಸುಖವಾಗಿದ್ದೀವಿ.

ನಡುವೆ ಓಡಾಡೋಕೆ 2018ರಿಂದ ಬಿಆರ್‌ಟಿಎಸ್ ಬಸ್ಸು ಇದೆ. ರಸ್ತೆಯ ನಟ್ಟನಡುವೆ ಅದಕ್ಕೇ ಬೇರೆ ದಾರಿ, ಸುಮಾರು 22 ಕಿಲೋಮೀಟರ್. ಹೆಸರು ಚಿಗರಿ. ಜಿಂಕೆ ಅಂತ. ಸೀರೆಯ ಸೆರಗಿನ ಮೇಲಿನ ಅದೇ ಚಿಗರಿ. ಜುಬಿಲಿ ಸರ್ಕಲ್‌ನಲ್ಲಿ ಹತ್ತಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಅದೊಂದು ಸಣ್ಣ ಪ್ರವಾಸವೇ. ಟೋಲ್ ನಾಕಾ, ವಿದ್ಯಾಗಿರಿ ದಾಟಿದ ಮೇಲೆ ಊರು ಸ್ವಲ್ಪ ಸಡಿಲಾಗುತ್ತೆ. ಸತ್ತೂರು ಬರುತ್ತೆ, ಪೇರಲ ಹಣ್ಣಿಗೆ ಹೆಸರಾದ ನವಲೂರು ಬರುತ್ತೆ. ನವನಗರ, ಬೈರಿದೇವರಕೊಪ್ಪ ಆದ ಮೇಲೆ ಉಣಕಲ್ ಕೆರೆ. ಅಲ್ಲಿಂದ ಮುಂದೆ ಎಲ್ಲಾ ಹುಬ್ಬಳ್ಳಿಯೇ.

ಮೊದಲ ಸಲ ಹೋದಾಗ ಉಣಕಲ್‌ನಲ್ಲಿ ಇಳಿದು ಚಂದ್ರಮೌಳೇಶ್ವರ ಗುಡಿ ನೋಡಿದೆ. ಚಾಲುಕ್ಯರ ಕಾಲದ ಗುಡಿ, ಸುತ್ತ ಜನ ವಾಸ ಮಾಡುವ ಮನೆಗಳು. ಗೋಡೆಯ ಮೂಲೆ ಒಂದೇ ಸಲಕ್ಕೆ ತಿರುಗೋದಿಲ್ಲ. ಸ್ವಲ್ಪ ಹೊರಗೆ, ಸ್ವಲ್ಪ ಒಳಗೆ, ಮತ್ತೆ ಹೊರಗೆ, ಹೀಗೆ ಮೆಟ್ಟಿಲಾಗಿ ತಿರುಗುತ್ತೆ. ನೆಲಕ್ಕೆ ಕೂತು ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದಾದ ಮೇಲೆ ನೋಡಿದರೆ ಥೇಟ್ ಮುರ್ಗಿ ಹೊಲಿಗೆಯ ಹಾಗೇ ಇತ್ತು.

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಆ ಮನೆ ಹುಡುಕೋದು ಕಷ್ಟವಾಗಲಿಲ್ಲ. ಹೊರಗೆ ಬೆಳಕಿಗೆ ಅಂತ ಬಾಗಿಲಲ್ಲೇ ಕೂತಿದ್ದರು. ವಯಸ್ಸು ಅರವತ್ತರ ಮೇಲೆ. ನಾನು ಅಕ್ಕಾರು ಅಂತ ಕರೆದೆ, ಈಗಲೂ ಹಾಗೇ ಕರೀತೀನಿ. ಒಳಗಿನಿಂದ ಒಂದು ಹಳೇ ಅರಿವೆ ತಂದು ತೋರಿಸಿದರು. ಅವರ ತಾಯಿ ಕಲಿಸುವಾಗ ಹಾಕಿದ ನಮೂನೆಗಳೆಲ್ಲ ಅದರ ಮೇಲಿದ್ದವು. ನನಗೆ ನಿಧಿ ಸಿಕ್ಕ ಹಾಗಾಯಿತು.

"ಒಂದೆರಡ ಫೋಟೋ ತಗೋತೀನ್ರಿ ಅಕ್ಕಾರ, ಹತ್ತ ನಿಮಿಷ ಅಷ್ಟ" ಅಂದೆ.

ಎರಡು ತಾಸು ಕೂತೆ. ನಲವತ್ತು ಫೋಟೋ ತೆಗೆದೆ. ಚಹಾ ಕುಡಿದೆ, ಅವಲಕ್ಕಿ ತಿಂದೆ. ಬರುವಾಗ ಅರ್ಧ ಕಿಲೋ ಪೇಡೆ ಕೊಟ್ಟೆ. ನನ್ನ ಲೆಕ್ಕ ಅಲ್ಲಿಗೆ ಮುಗಿದಿತ್ತು.

ಗಾಳಿಯಲ್ಲಿ ನಿಂತ ಕಳಸ

ಎರಡು ತಿಂಗಳಾದ ಮೇಲೆ ಬೆಂಗಳೂರಿನ ಒಬ್ಬ ಗ್ರಾಹಕರಿಂದ ಕೆಲಸ ಬಂತು. ದೀಪಾವಳಿಯ ಉಡುಗೊರೆ ಡಬ್ಬಿಗೆ "ಉತ್ತರ ಕರ್ನಾಟಕದ ಫೀಲ್" ಬೇಕು. ನನ್ನ ಹತ್ತಿರ ಆಗಲೇ ಆರು ನಮೂನೆ ತಯಾರಿದ್ದವು. ನಾಲ್ಕು ದಿನದಲ್ಲಿ ಮುಗಿಸಿದೆ. 30 ಸಾವಿರ ರೂಪಾಯಿ ಬಂತು. ಡಬ್ಬಿ ನಿಜವಾಗಲೂ ಚೆನ್ನಾಗಿ ಬಂದಿತ್ತು. ಮಡ್ಡಿ ಕೆಂಪು ಬಣ್ಣದ ಮೇಲೆ ಬಿಳಿ ಗೆರೆಯ ಗೋಪುರ. ಹೆಮ್ಮೆಯಿಂದ ಒಂದು ಡಬ್ಬಿ ತಗೊಂಡು ಅಕ್ಕಾರಿಗೆ ತೋರಿಸೋಕೆ ಚಿಗರಿ ಹತ್ತಿದೆ.

ಅಕ್ಕಾರು ಕನ್ನಡಕ ಹಾಕಿಕೊಂಡು ನೋಡಿದರು. "ಛಲೋ ಆಗೇತಿ ತಂಗಿ. ಬಣ್ಣ ಭಾಳ ಛಂದ ಕೂತೈತಿ" ಅಂದರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ತಿರುವಿ ಹಿಡಿದರು.

"ಹಿಂದ ಏನೂ ಇಲ್ಲಲ್ಲಾ?"

"ಪ್ರಿಂಟ್ ಐತ್ರಿ ಅಕ್ಕಾರ. ಹಿಂದ ಏನೂ ಇರೂದಿಲ್ಲ."

ಹೂಂ ಅಂದರು. ಮತ್ತೆ ಮುಂದಕ್ಕೆ ತಿರುವಿ, ಗೋಪುರದ ತುದಿಯ ಮೇಲೆ ಬೆರಳಿಟ್ಟರು. "ಈ ಕಳಸ ಗಾಳ್ಯಾಗ ನಿಂತೈತಿ ನೋಡು. ಸೂಜಿ ಗೋಪುರದಿಂದ ಇಲ್ಲಿಗೆ ಹೆಂಗ ಬರಬೇಕು? ಹಾರಿ ಬರತೈತೇನ?"

ನನಗೆ ನೆನಪಾಯಿತು. ಅವರ ಅರಿವೆಯಲ್ಲಿ ಗೋಪುರಕ್ಕೂ ಕಳಸಕ್ಕೂ ನಡುವೆ ಒಂದು ಸಣ್ಣ ಗೆರೆ ಇತ್ತು. ಒಂದೇ ಒಂದು ಹೊಲಿಗೆ. ಸ್ಕ್ರೀನಿನ ಮೇಲೆ ಅದು ಗಲೀಜಾಗಿ ಕಂಡಿತ್ತು. ಸುತ್ತ ಖಾಲಿ ಜಾಗ ಇದ್ದರೆ ಕಳಸ ಎದ್ದು ಕಾಣುತ್ತೆ ಅಂತ ಅಳಿಸಿದ್ದೆ. ಡಿಸೈನ್ ಕಾಲೇಜಿನಲ್ಲಿ ನಮಗೆ ಕಲಿಸಿದ್ದೇ ಅದು, ಬೇಡದ್ದನ್ನ ತೆಗೀರಿ ಅಂತ.

"ಕ್ಲೀನ್ ಕಾಣಲಿ ಅಂತ ತಗದೆನ್ರಿ" ಅಂದೆ.

"ಅದ ದಾರಿ ಐತಿ ತಂಗಿ. ದಾರೀನ ತಗದ್ರ ಹೋಗೂದೆಂಗ, ಬರೂದೆಂಗ?"

ಆಮೇಲೆ ಒಂದು ಸೂಜಿ ತಗೊಂಡು ತೋರಿಸಿದರು. ಗವಂತಿ ಹಾಕುವಾಗ ಸೂಜಿ ಒಂದು ಮನೆ ಹೊಲಿದು, ಒಂದು ಮನೆ ಬಿಟ್ಟು ಹೋಗುತ್ತೆ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತ ಬಿಟ್ಟ ಮನೆಗಳನ್ನೆಲ್ಲ ತುಂಬುತ್ತೆ. ಹೋಗುವಾಗ ಮೇಲಿದ್ದದ್ದು ಬರುವಾಗ ಕೆಳಗೆ. ಅದಕ್ಕೇ ಎರಡೂ ಬದಿ ಒಂದೇ ಆಗೋದು. ನಡುವೆ ಕವಲು ಬಂದರೆ ಕವಲಿನ ತುದಿಗೆ ಹೋಗಿ, ತುಂಬಿಕೊಂಡು ಬಂದು, ಮುಂದಕ್ಕೆ ಹೋಗಬೇಕು. ಎಲ್ಲಾ ಗೆರೆಯೂ ಎಲ್ಲಾದರೂ ಒಂದು ಕಡೆ ಇನ್ನೊಂದಕ್ಕೆ ತಾಗಿರಲೇಬೇಕು. ಇಲ್ಲದಿದ್ದರೆ ದಾರ ಹಿಂದಿನಿಂದ ಹಾರಿ ಹೋಗುತ್ತೆ, ಹಿಂಬದಿ ಕೆಡುತ್ತೆ. ನಾನು ಅಳಿಸಿದ ಗೆರೆ ಅಲಂಕಾರ ಆಗಿರಲಿಲ್ಲ. ಸೂಜಿ ನಡೆಯುವ ಸೇತುವೆ ಆಗಿತ್ತು.

ಹೊರಡುವಾಗ ಕೇಳಿದರು, "ಇದಕ್ಕ ಎಷ್ಟ ಕೊಟ್ರು ನಿನಗ?"

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ಮೂವತ್ತ ಸಾವಿರ್ರಿ."

"ಛಲೋ ಆತ ಬಿಡು" ಅಂದರು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭ ಆಗ್ತಿತ್ತು. ಮಾತಿಗೆ ಮಾತು ಬಂದು ತಮ್ಮ ಲೆಕ್ಕವನ್ನೂ ಹೇಳಿದರು. ಒಂದು ಸೆರಗಿಗೆ ಇಪ್ಪತ್ತು ದಿನ ಕೂತರೆ ಅವರ ಕೈಗೆ ಬರೋದು ನಾಲ್ಕು ಸಾವಿರ. ಈಗ ಕಣ್ಣು ಸಾಲೋದಿಲ್ಲ ಅಂತ ತಿಂಗಳಿಗೊಂದು ಸೆರಗು ಮುಗಿದರೆ ಹೆಚ್ಚು.

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬ ಹಿಡಿದು ನಿಂತು ಉಣಕಲ್‌ನಿಂದ ಧಾರವಾಡದವರೆಗೆ ಒಂದೇ ವಿಚಾರ. "ಹತ್ತ ನಿಮಿಷದ ಕೆಲಸ" ಅಂದಾಗ ನನಗೆ ಬರುವ ಸಿಟ್ಟು ಇದೆಯಲ್ಲ, ಅದು ಅಕ್ಕಾರಿಗೆ ನನ್ನ ಮೇಲೆ ಬರಬೇಕಿತ್ತು. ಬಂದಿರಲಿಲ್ಲ, ಅಷ್ಟೇ.

ಹೆಸರು ಯಾರದು?

ಮನೆಗೆ ಬಂದು ಹುಡುಕುತ್ತ ಕೂತಾಗ ಒಂದು ವಿಷಯ ಸಿಕ್ಕಿತು. ಹೋಗಿ ಬಂದು ತುಂಬುವ ಇದೇ ಹೊಲಿಗೆ ಯುರೋಪಿನಲ್ಲೂ ಇದೆ. ಅಲ್ಲಿ ಅದಕ್ಕೆ ಹಾಲ್ಬೈನ್ ಹೊಲಿಗೆ ಅಂತಾರೆ. ಹಾನ್ಸ್ ಹಾಲ್ಬೈನ್ 16ನೇ ಶತಮಾನದ ಚಿತ್ರಕಾರ, ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದಲ್ಲಿದ್ದವನು. ರಾಣಿ ಜೇನ್ ಸೀಮೋರ್ ಚಿತ್ರದಲ್ಲಿ ಅವಳ ತೋಳಿನ ತುದಿಯ ಕಪ್ಪು ದಾರದ ಕಸೂತಿಯನ್ನ ಎಳೆ ಎಳೆಯಾಗಿ ಬರೆದಿದ್ದಾನೆ. ಹೊಲಿಗೆಗೆ ಅವನ ಹೆಸರು ಬಂತು. ಆ ತೋಳನ್ನ ಹೊಲಿದವರ ಹೆಸರು ಎಲ್ಲೂ ಇಲ್ಲ. ನಾನೂ ಅದೇ ಮಾಡಿದ್ದೆ, ಇನ್ನೂ ಸಣ್ಣ ಪ್ರಮಾಣದಲ್ಲಿ. ಡಬ್ಬಿಯ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಸ್ಟುಡಿಯೋ ಹೆಸರಿತ್ತು.

ಕಸೂತಿಗೆ ಜಿಐ ಮಾನ್ಯತೆ ಇದೆ. ಧಾರವಾಡ ಪೇಡೆಗೆ, ಇಳಕಲ್ ಸೀರೆಗೆ, ನವಲಗುಂದದ ಜಮಖಾನಕ್ಕೆ ಇರುವ ಹಾಗೆ. ಅದು ಹೆಸರನ್ನ ಕಾಪಾಡುತ್ತೆ, ಒಳ್ಳೇದೇ. ಆದರೆ ಗೋಪುರ, ತೇರು ಒಬ್ಬರ ಸ್ವತ್ತಲ್ಲ. ಯಾರು ಬೇಕಾದರೂ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಗೆರೆ ಎಳೆಯಬಹುದು. ನಾನು ಮಾಡಿದ್ದು ಕಾನೂನಿಗೆ ತಪ್ಪಿರಲಿಲ್ಲ. ತಪ್ಪಲ್ಲದಿದ್ದರೂ ಸರಿ ಇರಲಿಲ್ಲ, ಅಷ್ಟು ಗೊತ್ತಾಗ್ತಿತ್ತು.

ಆ ದಿನಗಳಲ್ಲೇ ಒಂದು ಶುಕ್ರವಾರ ಹುಬ್ಬಳ್ಳಿಯ ಬೆಂಗೇರಿಗೂ ಹೋಗಿದ್ದೆ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರೋದು ಅಲ್ಲೇ. ಖಾದಿಯ ರಾಷ್ಟ್ರಧ್ವಜ ತಯಾರಾಗುವ ಜಾಗ. 6x4 ಇಂಚಿನಿಂದ ಹಿಡಿದು 21x14 ಅಡಿಯವರೆಗೆ ಬೇರೆ ಬೇರೆ ಅಳತೆ, ಎಲ್ಲದಕ್ಕೂ ಉದ್ದ ಅಗಲ 3:2 ಇರಬೇಕು. ನನ್ನ ಕಣ್ಣು ಹೋಗಿದ್ದು ಚಕ್ರದ ಮೇಲೆ. 24 ಅರೆಗಳ ಚಕ್ರವನ್ನ ಬಿಳಿ ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕ್ತಾರೆ. ಒಂದು ಬದಿಯ ಅರೆ ಇನ್ನೊಂದು ಬದಿಯ ಅರೆಯ ಮೇಲೇ ಕೂರಬೇಕು, ಕೂದಲೆಳೆ ಆಚೀಚೆ ಆಗಬಾರದು. ಬಾವುಟ ಗಾಳಿಗೆ ಹಾರುವಾಗ ಅದಕ್ಕೆ ಮುಂದು ಹಿಂದು ಅಂತ ಇರೋದಿಲ್ಲವಲ್ಲ. 2021ರ ಕೊನೆಗೆ ಧ್ವಜ ಸಂಹಿತೆಗೆ ತಿದ್ದುಪಡಿ ಆಗಿ ಪಾಲಿಸ್ಟರ್ ಬಟ್ಟೆಗೂ, ಮಷಿನ್ನಿನಲ್ಲಿ ಮಾಡಿದ್ದಕ್ಕೂ ಅವಕಾಶ ಸಿಕ್ಕಿತು. ಅಗ್ಗದ ಬಾವುಟ ಮನೆಮನೆಗೆ ಬಂತು. ಕೈಯಿಂದ ನೂಲುವವರು, ನೇಯುವವರು ಅದರ ಜತೆ ಬೆಲೆಯಲ್ಲಿ ಹೇಗೆ ಸ್ಪರ್ಧೆ ಮಾಡಬೇಕು? ಅಕ್ಕಾರ ಸೆರಗಿನ ಪ್ರಶ್ನೆಯೂ ಅದೇ.

ಕೊಟೇಶನ್ನಿನ ಹೊಸ ಸಾಲು

ದೊಡ್ಡ ಪರಿಹಾರ ನನ್ನ ಹತ್ತಿರ ಇಲ್ಲ. ಕೈಲಾದದ್ದು ಮೂರು ಕೆಲಸ ಮಾಡಿದೆ.

ಮೊದಲನೆಯದು, ಆ 30 ಸಾವಿರದಲ್ಲಿ 10 ಸಾವಿರ ಅಕ್ಕಾರಿಗೆ ಕೊಟ್ಟೆ. ಮೊದಲು ಬ್ಯಾಡ ಅಂದರು. "ಇದು ನಿಮ್ಮ ನಮೂನಿಗೆ ಬಂದಿದ್ರಿ, ನಾ ಕೊಡೂದಲ್ಲ" ಅಂದ ಮೇಲೆ ತಗೊಂಡರು. ಎಣಿಸಿ ತಗೊಂಡರು, ಅದು ನನಗೆ ಸಮಾಧಾನ ಕೊಟ್ಟಿತು. ಉಪಕಾರವನ್ನ ಯಾರೂ ಎಣಿಸೋದಿಲ್ಲ.

ಎರಡನೆಯದು, ಕಸೂತಿ ಬಳಸುವ ಯಾವುದೇ ಕೆಲಸದ ಕೊಟೇಶನ್ನಿನಲ್ಲಿ ಈಗ ಒಂದು ಹೊಸ ಸಾಲು ಇರುತ್ತೆ: "ನಮೂನೆ ಕೊಟ್ಟವರಿಗೆ." ಅದರ ಮುಂದೆ ಒಂದು ಮೊತ್ತ. ಒಬ್ಬ ಗ್ರಾಹಕರು ಆ ಸಾಲು ನೋಡಿ, "ಇಂಟರ್ನೆಟ್‌ನಲ್ಲಿ ಫ್ರೀ ಸಿಗುತ್ತಲ್ಲ" ಅಂತ ಹೇಳಿ ಕೆಲಸವನ್ನ ಬೇರೆಯವರಿಗೆ ಕೊಟ್ಟರು. ಆ ತಿಂಗಳು ಬಾಡಿಗೆ ಕೊಡುವಾಗ ಆ ದುಡ್ಡು ನೆನಪಾಯಿತು, ಸುಳ್ಳೇಕೆ ಹೇಳಲಿ. ಇನ್ನೊಬ್ಬರು ಏನೂ ಕೇಳದೆ ಕೊಟ್ಟರು. ಮೂರನೆಯವರು ಅಕ್ಕಾರ ಹೆಸರು ಹಾಕಬಹುದಾ ಅಂತ ಅವರೇ ಕೇಳಿದರು. ಅಕ್ಕಾರು ಎರಡು ದಿನ ವಿಚಾರ ಮಾಡಿ, ನಮ್ಮವ್ವನ ಹೆಸರು ಹಾಕ್ರಿ ಅಂದರು.

ಮೂರನೆಯದು ನನ್ನ ಶುಕ್ರವಾರದ ಕೆಲಸ. ಈಗ ನಮೂನೆಗಳನ್ನ ಬರೀ ಚಿತ್ರವಾಗಿ ಬರೆಯೋದಿಲ್ಲ. ಸೂಜಿಯ ದಾರಿಯನ್ನೂ ಬರೀತೀನಿ. ಹೋಗುವ ಹೊಲಿಗೆಗೆ ಕೆಂಪು, ಬರುವ ಹೊಲಿಗೆಗೆ ಹಸಿರು. ಎಲ್ಲಿಂದ ಶುರು, ಯಾವ ಕವಲಿಗೆ ಮೊದಲು ಹೋಗಬೇಕು, ಎಲ್ಲಿ ತಿರುಗಬೇಕು, ಎಲ್ಲಾ ಅಂಕಿ ಹಾಕಿ. ಅಕ್ಕಾರು ತಲೆಯೊಳಗೆ ಇಟ್ಟುಕೊಂಡಿದ್ದನ್ನ ಕಾಗದಕ್ಕೆ ಇಳಿಸೋಕೆ ಒಂದು ಗೋಪುರಕ್ಕೆ ಮೂರು ಶುಕ್ರವಾರ ಹಿಡಿಯಿತು. ಇಲ್ಲಿವರೆಗೆ ಹನ್ನೊಂದು ನಮೂನೆ ಆಗಿವೆ. ಅವರ ಅರಿವೆಯಲ್ಲಿ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಬಾಕಿ ಇವೆ. ಅವರ ಕಣ್ಣು, ನನ್ನ ಶುಕ್ರವಾರ, ಎರಡನ್ನೂ ಲೆಕ್ಕ ಹಾಕಿದರೆ ಸ್ವಲ್ಪ ಅವಸರ ಮಾಡಬೇಕು.

ಒಂದು ಷರತ್ತು ಮಾತ್ರ ಅಕ್ಕಾರೇ ಹಾಕಿದ್ದು: "ಬರಕೊಂಡ್ರ ಆಗೂದಿಲ್ಲ, ಹಾಕಬೇಕು." ಹಾಗಾಗಿ ನಾನೂ ಹಾಕ್ತೀನಿ. ಎಳೆ ಎಣಿಸುತ್ತ ಅರ್ಧ ತಾಸು ಫೋನ್ ಮುಟ್ಟದೆ ಕೂರೋದು ಮೊದಮೊದಲು ಹಿಂಸೆ ಅನ್ನಿಸ್ತಿತ್ತು. ಈಗ ಅದಕ್ಕೇ ಕಾಯ್ತೀನಿ.

ನೀವು ಹುಬ್ಬಳ್ಳಿ ಧಾರವಾಡಕ್ಕೆ ಬಂದು ಕಸೂತಿ ಸೀರೆ ಕೊಳ್ಳೋದಾದರೆ ಅಂಗಡಿಯಲ್ಲಿ ಸಂಕೋಚ ಇಲ್ಲದೆ ಸೆರಗು ತಿರುವಿ ನೋಡಿ. ಗವಂತಿ, ಮುರ್ಗಿ ಕೈಯಿಂದ ಹಾಕಿದ್ದಾದರೆ ಹಿಂದೆಯೂ ಅದೇ ಗೋಪುರ ಕಾಣುತ್ತೆ. ಮೆಂತೆ, ನೇಗಿಯಲ್ಲಿ ಹಿಂಬದಿ ಬೇರೆ ಇರುತ್ತೆ, ಅದು ದೋಷ ಅಲ್ಲ. ಆದರೆ ಹಿಂದೆ ದಾರದ ಗೊಂಚಲು, ಅಂಟಿಸಿದ ಬಿಳಿ ಪೇಪರಿನಂಥ ಬಟ್ಟೆ ಕಂಡರೆ ಅದು ಮಷಿನ್ನಿನದು. ಮಷಿನ್ನಿನದೇ ಸಾಕು ಅನ್ನಿಸಿದರೆ ಅದನ್ನೇ ಕೊಳ್ಳಿ, ಕೈಕೆಲಸದ ಬೆಲೆ ಮಾತ್ರ ಕೊಡಬೇಡಿ. ಕೈಯದೇ ಬೇಕಾದರೆ ಚೌಕಾಸಿ ಶುರು ಮಾಡುವ ಮೊದಲು ಎಷ್ಟು ದಿನದ ಕೆಲಸ ಅಂತ ಒಂದು ಮಾತು ಕೇಳಿ.

ಹೋದ ಶುಕ್ರವಾರ ನನ್ನ ಮೊದಲ ಪೂರ್ತಿ ಗೋಪುರ ಮುಗಿಯಿತು. ಅಂಗೈ ಅಗಲದ ಬಟ್ಟೆ. ಅಕ್ಕಾರು ಎಂದಿನ ಹಾಗೆ ಮುಂದಿನದನ್ನ ಒಂದು ಗಳಿಗೆ ನೋಡಿ, ತಿರುವಿ ಹಿಂದಿನದನ್ನ ಬಹಳ ಹೊತ್ತು ನೋಡಿದರು. ಎಡಗಡೆ ಎರಡು ಕಡೆ ದಾರ ಹಾರಿತ್ತು.

"ಈ ಎರಡ ಬಿಚ್ಚು. ಕಳಸ ಛಲೋ ಕೂತೈತಿ" ಅಂದರು.

ರಾತ್ರಿ ಚಿಗರಿಯಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ನವಲೂರು ದಾಟುವಷ್ಟರಲ್ಲಿ ಒಂದನ್ನ ಬಿಚ್ಚಿ ಮುಗಿಸಿದ್ದೆ.